ಎದೆಯ ಹೊಗೆ, ತಲೆಯ ಮಂಕು

ಪುಷ್ಯದ ಚಳಿ ಇನ್ನೂ ಬಿಟ್ಟಿಲ್ಲ. ಹುಣಸೂರು ತಾಲ್ಲೂಕಿನ ಈ ಊರಿನಲ್ಲಿ ಬೆಳಗಿನ ಐದೂವರೆಗೆ ಮಂಜು ಹೆಂಚಿನ ಮಟ್ಟಕ್ಕೆ ಇಳಿದು ನಿಂತಿದೆ. ಮನೆ ಮನೆಯ ಮಾಡಿನ ಸಂದಿಯಿಂದ ಹೊಗೆ ಸೋರುತ್ತಿದೆ; ಮೇಲೇಳಲಾಗದೆ ಬೀದಿಯಲ್ಲೇ ಹಾಸಿಕೊಳ್ಳುತ್ತಿದೆ. ಹಿತ್ತಿಲ ಬಾಗಿಲಿನಿಂದ ಒಳಗೆ ಬನ್ನಿ. ತಲೆ ತಗ್ಗಿಸಿ, ಬಾಗಿಲು ಗಿಡ್ಡ.

ಮೊದಲಿಗೆ ಏನೂ ಕಾಣುವುದಿಲ್ಲ. ಕಣ್ಣು ಚುರುಗುಟ್ಟುತ್ತದೆ, ಗಂಟಲು ಹಿಡಿಯುತ್ತದೆ, ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳುತ್ತದೆ: ಮಸಿ ಹಿಡಿದು ಮಿರುಗುವ ಗೋಡೆ, ಮಣ್ಣಿನ ಒಲೆ, ಒಲೆಯೊಳಗೆ ಅರೆಹಸಿ ಸೌದೆಯ ಜೊತೆ ತುರುಕಿದ ಹೊಗೆಸೊಪ್ಪಿನ ಒಣ ಕಡ್ಡಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜಿ. ಕೈಯಲ್ಲಿ ಕಬ್ಬಿಣದ ಊದುಕೊಳವೆ. ಒಂದು ಸಲ ಊದುತ್ತಾರೆ. ಕೆಂಡ ಕೆಂಪಾಗುತ್ತದೆ, ಉರಿ ಏಳುವುದಿಲ್ಲ. ಎರಡನೇ ಸಲ ಊದಲು ಹೋಗಿ ಕೊಳವೆಯನ್ನು ಕೆಳಗಿಡುತ್ತಾರೆ. ಎರಡೂ ಅಂಗೈ ಮಂಡಿಗೆ ಊರಿ, ಮುಂದಕ್ಕೆ ಬಾಗಿ, ತುಟಿ ಕಿರಿದು ಮಾಡಿ ಗಾಳಿಯನ್ನು ನಿಧಾನಕ್ಕೆ ಹೊರಬಿಡುತ್ತಾರೆ. ಹೀಗೆ ಬಿಟ್ಟರೆ ದಮ್ಮು ಕೊಂಚ ಸಡಿಲವಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಮೈಯೇ ಕಲಿತಿದೆ. ಪ್ರತಿ ಉಸಿರಿಗೂ ಕತ್ತಿನ ಸ್ನಾಯು ಬಿಗಿಯುತ್ತದೆ, ಕೊರಳ ಕೆಳಗಿನ ಗುಣಿ ಒಳಕ್ಕೆ ಜಗ್ಗುತ್ತದೆ.

ಅಜ್ಜಿಗೆ ಎಪ್ಪತ್ತು ದಾಟಿದೆ. ಅವರ ಹೆಸರು ಬೇಡ. ಹಳೇ ಮೈಸೂರಿನ ಯಾವ ಊರಿಗೆ ಹೋದರೂ ಇಂಥ ಅಜ್ಜಿ ಸಿಗುತ್ತಾರೆ. ಈ ಬೆಳಗು ಅವರೆಲ್ಲರದೂ ಹೌದು. ಬೀಡಿ ಸೇದಿದವರಲ್ಲ. ಎಲೆ ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ, ಮಳೆಗಾಲ ಮುಗಿಯುವ ಹೊತ್ತಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ: ಬಾಳಿನ ಬಹುಪಾಲು ಬೆಂಕಿಯ ಮುಂದೆ ಕಳೆದಿದೆ. ಗೋಡೆಯ ಮೂಲೆಯಲ್ಲಿ ಸಿಲಿಂಡರೂ ಇದೆ. ಅದರ ಮೇಲೆ ಹಳೇ ಸೀರೆಯ ತುಂಡು ಹೊದಿಸಿದ್ದಾರೆ. ಕಾಫಿಗೆ, ನೆಂಟರು ಬಂದಾಗ, ಮಳೆಗೆ ಸೌದೆ ನೆನೆದಾಗ ಅದನ್ನು ಹಚ್ಚುತ್ತಾರೆ. ಹಿಟ್ಟಿಗೆ, ಸಾರಿಗೆ, ಸ್ನಾನದ ನೀರಿಗೆ ಸೌದೆಯೇ.

ಈಗ ಅಜ್ಜಿಯ ಕೈಯನ್ನೇ ನೋಡಿ. ಪಾತ್ರೆಯಲ್ಲಿ ಎಸರು ಇಟ್ಟಿದ್ದಾರೆ. ತಳದಲ್ಲಿ ಇನ್ನೂ ಒಂದು ಗುಳ್ಳೆ ಎದ್ದಿಲ್ಲ. ಅಷ್ಟರಲ್ಲೇ ಮೊರದಿಂದ ರಾಗಿಹಿಟ್ಟನ್ನು ಬಾಚಿ ಸುರಿದುಬಿಟ್ಟರು. ಕೋಲು ತೆಗೆದುಕೊಂಡು ತೊಳಸಲು ಹೋದರು. ಹಿಟ್ಟು ಗಂಟುಗಂಟಾಗಿ ತೇಲುತ್ತಿದೆ. ಅಜ್ಜಿ ಕೋಲನ್ನು ಹಿಡಿದು ಸುಮ್ಮನೆ ನೋಡುತ್ತಿದ್ದಾರೆ. ಏನೋ ತಪ್ಪಿದೆ ಎಂದು ಗೊತ್ತಾಗಿದೆ, ಎಲ್ಲಿ ತಪ್ಪಿತು ಎನ್ನುವುದು ಸಿಗುತ್ತಿಲ್ಲ.

"ಅತ್ತೆ, ಎಸರು ಇನ್ನೂ ಕುದೀಲಿಲ್ವಲ್ಲ!" ಸೊಸೆ ಕೊಡ ಇಳಿಸಿ ಓಡಿ ಬರುತ್ತಾಳೆ.

"ಕುದೀತಿತ್ತು ಕಣವ್ವ."

"ನೆನ್ನೇನೂ ಹಿಂಗೇ ಮಾಡಿದ್ರಿ."

ಜಗಲಿಯಿಂದ ಮಗನ ದನಿ ಬರುತ್ತದೆ: "ಬಿಡು, ವಯಸ್ಸಾಯ್ತಲ್ಲ. ಅರಳುಮರಳು."

ಮನೆಯವರ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಕಷ್ಟ. ದಮ್ಮು ಎದೆಯದು, ಅದಕ್ಕೆ ಪೇಟೆಯ ಡಾಕ್ಟರು ಕೊಟ್ಟ ಮಾತ್ರೆ, ಪುಡಿ ಇದೆ. ಮರೆವು ವಯಸ್ಸಿನದು; ಅದಕ್ಕೆ ಮದ್ದಿಲ್ಲ, ಸಹಿಸಿಕೊಳ್ಳಬೇಕು. ಇವತ್ತು ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟಿರುವುದು ದಮ್ಮಿಗಾಗಿ ಮಾತ್ರ.

ಹೊರಡುವ ಮುಂಚೆ ಅಜ್ಜಿ ಪುಡಿ ಎಳೆದುಕೊಳ್ಳಬೇಕು. ಸೀರೆಯ ಗಂಟಿನಿಂದ ಪ್ಲಾಸ್ಟಿಕ್ಕಿನ ಪುಟ್ಟ ಕೊಳವೆ ತೆಗೆಯುತ್ತಾರೆ. ಕ್ಯಾಪ್ಸೂಲ್ ಹಾಕಿ ತಿರುಗಿಸಿ, ಬಾಯಿಗಿಟ್ಟುಕೊಂಡು, ಜೋರಾಗಿ ಒಳಕ್ಕೆ ಎಳೆಯಬೇಕು. ಅಜ್ಜಿ ಕ್ಯಾಪ್ಸೂಲ್ ಹಾಕಿದರು, ತಿರುಗಿಸಿದರು, ಬಾಯಿಗಿಟ್ಟರು, ಊದಿದರು. ಬಿಳಿ ಪುಡಿ ಮುಖದ ಮುಂದೆ ಹಾರಿ ಒಲೆಯ ಹೊಗೆಯಲ್ಲಿ ಸೇರಿಹೋಯಿತು. ಅರ್ಧ ಶತಮಾನ ಕೊಳವೆಯೆಂದರೆ ಊದುವುದು ಎಂದೇ ತಿಳಿದ ಬಾಯಿ ಅದು. ಇದನ್ನು ನೀವು ನೋಡಿದಿರಿ. ಮನೆಯಲ್ಲಿ ಇನ್ಯಾರೂ ನೋಡಲಿಲ್ಲ.

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಜ್ಜಿ, ನಡುವೆ ಸೊಸೆ, ಈ ಕಡೆ ನೀವು. ಸೊಸೆಗೆ ನಲವತ್ತೊಂದು. ಅಜ್ಜಿ ತೂಕಡಿಸುತ್ತಿದ್ದಂತೆ ಅವಳು ದನಿ ತಗ್ಗಿಸಿ ಹೇಳುತ್ತಾಳೆ. ದೀಪಾವಳಿ ಕಳೆದ ಮೇಲೆ ಅತ್ತೆಗೆ ಜ್ವರ ಬಂತು, ಕಫ ಹಸಿರುಗಟ್ಟಿತು. ಮೂರನೇ ರಾತ್ರಿ ಎದ್ದು ಕೂತು, ತೀರಿಹೋದ ಮಾವನನ್ನು ಕೂಗತೊಡಗಿದರು. ಮಗನನ್ನೇ ಯಾರಪ್ಪ ನೀನು ಎಂದರು. ಹಟ್ಟಿ ಬಾಗಿಲು ತೆಗೆದು ಹೊರಟೇಬಿಟ್ಟರು. ಊರಿನವರು ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ಪು, ಇಂಜೆಕ್ಷನ್ ಹಾಕಿಸಿದ ಮೇಲೆ ನಾಲ್ಕನೇ ದಿನಕ್ಕೆ ಸರಿಹೋದರು.

"ಸರಿಹೋದ್ರು ಅಂತೀವಿ. ಆದ್ರೆ ಪೂರ್ತಿ ಮೊದಲಿನಂಗೆ ಆಗ್ಲಿಲ್ಲ. ದುಡ್ಡು ಎಣಿಸೋಕೆ ಕೊಟ್ರೆ ನಡೂಲೇ ನಿಂತುಬಿಡ್ತಾರೆ."

ಈ ಮಾತನ್ನು ಡಾಕ್ಟರ ಮುಂದೆಯೂ ಹೇಳಬೇಕು ಎಂದು ಅವಳಿಗೆ ಅನಿಸಿಲ್ಲ. ದಮ್ಮಿಗೆ ತೋರಿಸಲು ಹೋಗುವಾಗ ದುಡ್ಡು ಎಣಿಸುವ ಮಾತೇಕೆ?

*

ಎದೆರೋಗ ವಿಭಾಗದ ಹೊರಗೆ ಬೆಂಚು ತುಂಬಿದೆ. ಕೆಮ್ಮಿನ ಸದ್ದು ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಗೆ ಹೋಗುತ್ತದೆ. ಮಫ್ಲರು ಸುತ್ತಿದ ಗಂಡಸರು ಎಷ್ಟೋ, ಸೆರಗು ಹೊದ್ದ ಹೆಂಗಸರೂ ಅಷ್ಟೇ. 2016ರ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇರುವವರು ಸುಮಾರು 5.5 ಕೋಟಿ. ಶ್ವಾಸನಾಳಗಳು ಕಾಯಮ್ಮಾಗಿ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಬರಲಾಗದ ಕಾಯಿಲೆ ಇದು. ಧೂಮಪಾನಿಗಳ ರೋಗವೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಈ ಬೆಂಚಿನ ಮೇಲೆ ಕೂತ ಹೆಂಗಸರಲ್ಲಿ ಯಾರನ್ನು ಕೇಳಿದರೂ ಒಲೆಯ ಕಥೆಯೇ ಬರುತ್ತದೆ.

ಒಳಗೆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅಜ್ಜಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ಕೆಂಪು ಅಂಕಿ ಏರಿಳಿದು 90ಕ್ಕೆ ನಿಲ್ಲುತ್ತದೆ. ಓಣಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಸಿ ಮತ್ತೆ ನೋಡಿದರೆ 85.

"ಅವ್ವಾ, ದಿನಕ್ಕೆ ಎಷ್ಟು ಹೊತ್ತು ಒಲೆ ಮುಂದೆ ಕೂತ್ಕೋತೀರಿ?"

"ಒತ್ತಾರೆ ಎರಡು ಗಂಟೆ, ಸಂಜೆ ಎರಡು ಗಂಟೆ ಕಣವ್ವ."

"ಎಷ್ಟು ವರ್ಷದಿಂದ?"

"ಮದುವೆಯಾಗಿ ಬಂದಾಗಿನಿಂದ." ಅಜ್ಜಿ ಲೆಕ್ಕ ಹಾಕಲು ಹೋಗಿ ತಡವರಿಸುತ್ತಾರೆ. ಸೊಸೆ ಹೇಳುತ್ತಾಳೆ: "ಐವತ್ತು ವರ್ಷ ಆಗಿರ್ತದೆ."

ಡಾಕ್ಟರು ಚೀಟಿಯ ಮೂಲೆಯಲ್ಲಿ ಗುಣಿಸುತ್ತಾರೆ. ನಾಲ್ಕು ಗಂಟೆ, ಐವತ್ತು ವರ್ಷ: 200. ಈ ಗುಣಾಕಾರ ಇಲ್ಲಿನ ಹಳ್ಳಿಗಳಿಗೆ ಹೊಸದಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಹೆಂಗಸರನ್ನೇ ಪರೀಕ್ಷಿಸಿ, ದಿನದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಬರುವ ಈ ಸೂಚ್ಯಂಕ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ ಎಂದು ಸಂಶೋಧಕರು 2013ರಲ್ಲಿ ತೋರಿಸಿದರು. ಅಜ್ಜಿ ಆ ಗೆರೆ ದಾಟಿ ದಶಕಗಳೇ ಆಗಿವೆ.

ಪಕ್ಕದ ಕೋಣೆಯಲ್ಲಿ ಸ್ಪೈರೋಮೀಟರ್. ತಂತ್ರಜ್ಞ ಹುಡುಗ ಅಜ್ಜಿಯ ಮೂಗಿಗೆ ಕ್ಲಿಪ್ ಹಾಕಿ, ರಟ್ಟಿನ ಕೊಳವೆಯನ್ನು ಬಾಯಿಗೆ ಕೊಡುತ್ತಾನೆ. "ಜೋರಾಗಿ ಉಸಿರು ಎಳ್ಕೊಳ್ಳಿ ಅಜ್ಜಿ. ಈಗ ಊದಿ! ಊದಿ, ಊದಿ, ಊದಿ, ನಿಲ್ಲಿಸ್ಬೇಡಿ, ಇನ್ನೂ ಊದಿ..." ಇಲ್ಲಿ ಊದುವುದೇ ಸರಿ. ಆರು ಸೆಕೆಂಡಾದರೂ ಬಿಡದೆ ಊದಬೇಕು. ಅಜ್ಜಿಯ ಕಣ್ಣು ದೊಡ್ಡದಾಗುತ್ತದೆ, ಮುಖ ಕಂದುತ್ತದೆ, ಪರದೆಯ ಮೇಲಿನ ಗೆರೆ ಸ್ವಲ್ಪ ಏರಿ ಒಳಕ್ಕೆ ಬಾಗಿ ಸೋತು ಮಲಗುತ್ತದೆ. ಸುಧಾರಿಸಿಕೊಂಡು ಮತ್ತೆ, ಇನ್ನೊಮ್ಮೆ ಮತ್ತೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಕಾಲು ಗಂಟೆ ಕಾಯಿಸಿ, ಪುನಃ ಊದಿಸುತ್ತಾನೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಹೊರಬಂದ ಗಾಳಿಯಿಂದ ಭಾಗಿಸಿದರೆ 0.7ರ ಮೇಲಿರಬೇಕು. ಅಜ್ಜಿಯದು 0.52. ಔಷಧ ಕೊಟ್ಟ ಮೇಲೂ ಅಷ್ಟೇ. ಕ್ಷಯವಿಲ್ಲ ಎಂದು ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಹೇಳಿವೆ. ಇದು ಸಿಒಪಿಡಿ.

"ಪುಡಿ ಹೆಂಗೆ ಎಳ್ಕೋತೀರಿ, ಒಂದ್ಸಲ ತೋರ್ಸಿ ಅವ್ವ" ಎನ್ನುತ್ತಾರೆ ಡಾಕ್ಟರು. ಅಜ್ಜಿ ಬೆಳಗಿನಂತೆಯೇ ಊದುತ್ತಾರೆ. ಡಾಕ್ಟರು ನಗುವುದಿಲ್ಲ, ಗದರುವುದಿಲ್ಲ. ಹೇಗೆ ಎಳೆಯಬೇಕೆಂದು ತಾವೇ ಮಾಡಿ ತೋರಿಸುತ್ತಾರೆ. ಅಜ್ಜಿ ತಲೆಯಾಡಿಸಿ ಮತ್ತೆ ಊದುತ್ತಾರೆ. ಮೂರನೇ ಸಲಕ್ಕೆ ಸರಿಯಾಗಿ ಎಳೆದರು. ಬೇರೆ ಎರಡು ಮಾತಾಡಿಸಿ ಮತ್ತೆ ಕೇಳಿದರೆ, ಮತ್ತೆ ಊದುವುದೇ.

ಇಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಜನ ಕಾಯುತ್ತಿದ್ದಾರೆ, ಹೊರಗೆ ಗದ್ದಲವಿದೆ. ಆದರೂ ಅವರು ಸೊಸೆಯ ಕಡೆ ತಿರುಗಿ ಕೇಳುತ್ತಾರೆ: "ಮನೇಲಿ ಮರೆವು, ಗಲಿಬಿಲಿ ಏನಾದ್ರೂ ಕಾಣಿಸ್ತಿದೆಯಾ?" ಎಸರಿನ ಕಥೆ, ದುಡ್ಡಿನ ಕಥೆ, ದೀಪಾವಳಿಯ ನಂತರದ ರಾತ್ರಿಯ ಕಥೆ ಆಗ ಒಂದರ ಹಿಂದೆ ಒಂದು ಹೊರಬರುತ್ತವೆ.

"ಅವ್ವಾ, ಮೂರು ಮಾತು ಹೇಳ್ತೀನಿ, ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ. ತೆಂಗು, ಬಂಡಿ, ಕನ್ನಡಿ."

ಅಜ್ಜಿ ಮೂರನ್ನೂ ಹೇಳುತ್ತಾರೆ. "ಈಗ ವಾರದ ಹೆಸರನ್ನ ಹಿಂದಿನಿಂದ ಹೇಳಿ. ಭಾನುವಾರದಿಂದ ಹಿಂದಕ್ಕೆ."

"ಭಾನುವಾರ... ಶನಿವಾರ... ಶುಕ್ರವಾರ..." ತಡೆದು, "ಶನಿವಾರ, ಭಾನುವಾರ, ಸೋಮವಾರ." ದಾರಿ ತಾನಾಗಿ ಮುಂದಕ್ಕೆ ತಿರುಗಿಬಿಟ್ಟಿತು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಯ ಹೆಸರು ಬರುತ್ತದೋ ಹೇಳಿ ಎಂದರೆ ಹಸು, ಎಮ್ಮೆ, ಕುರಿ, ಮೇಕೆ, ನಾಯಿ, ಮತ್ತೆ ಹಸು. ಹುಟ್ಟಿದಾಗಿನಿಂದ ಪ್ರಾಣಿಗಳ ನಡುವೆ ಬಾಳಿದ ಹೆಂಗಸು ಇಷ್ಟಕ್ಕೇ ನಿಂತರು. ಆದರೆ ಮೊದಲು ಕೊಟ್ಟ ಮೂರು ಮಾತಿನಲ್ಲಿ ಎರಡನ್ನು ತಾವೇ ಹೇಳಿದರು. ಮುಖ ನೋಡಿಕೊಳ್ಳೋದು ಎಂದು ಸುಳಿವು ಕೊಟ್ಟಾಗ ಕನ್ನಡಿಯೂ ಬಂತು.

ಡಾಕ್ಟರು ಇದನ್ನೇ ಗಮನಿಸುತ್ತಿದ್ದರು. ಅಲ್ಜೈಮರ್ಸ್‌ನ ಶುರುವಿನಲ್ಲಿ ಸಾಮಾನ್ಯವಾಗಿ ಹೊಸ ನೆನಪು ಉಳಿಯುವುದಿಲ್ಲ. ಸುಳಿವು ಕೊಟ್ಟರೂ ಬರುವುದಿಲ್ಲ. ಬಹುಕಾಲದ ಶ್ವಾಸಕೋಶದ ರೋಗಿಗಳಲ್ಲಿ ಹೆಚ್ಚಾಗಿ ಮೊದಲು ಸಡಿಲವಾಗುವುದು ಗಮನ, ಒಂದಾದ ಮೇಲೆ ಒಂದು ಮಾಡುವ ಕ್ರಮ, ಯೋಚನೆಯ ಚುರುಕು. ಎಸರು ಕುದಿದ ಮೇಲೆ ಹಿಟ್ಟು, ಕ್ಯಾಪ್ಸೂಲ್ ತಿರುಗಿಸಿದ ಮೇಲೆ ಒಳಕ್ಕೆ ಎಳೆತ: ಎರಡೂ ಕಡೆ ಜಾರಿದ್ದು ಒಂದೇ. ಮದ್ದು ಎದೆಗೆ ಇಳಿಯದ್ದರಿಂದ ದಮ್ಮು ಹೆಚ್ಚಿದೆ. ದಮ್ಮು ಹೆಚ್ಚಿದಷ್ಟೂ ಮಿದುಳು ಬಳಲುತ್ತದೆ. ಮಿದುಳು ಬಳಲಿದಷ್ಟೂ ಮದ್ದು ತೆಗೆದುಕೊಳ್ಳುವುದು ತಪ್ಪುತ್ತದೆ.

ಹಾಗೆಂದು ಅವರು ಇವತ್ತೇ ಚೀಟಿಯಲ್ಲಿ ಡಿಮೆನ್ಷಿಯಾ, ಅಂದರೆ ಮರೆಗುಳಿ ರೋಗ, ಎಂದು ಬರೆಯುವುದಿಲ್ಲ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಿವಿ ಮಂದ, ರಾತ್ರಿ ನಿದ್ದೆಯಿಲ್ಲ, ಆಕ್ಸಿಜನ್ ಕಡಿಮೆಯಿದೆ. ಇಷ್ಟೆಲ್ಲ ಇರುವಾಗ ಒಂದು ಸಲದ ಪರೀಕ್ಷೆಯಿಂದ ತೀರ್ಪು ಕೊಡಬಾರದು. ಓದು ಬಾರದವರಿಗೂ ಹೊಂದುವ ಕನ್ನಡದ ಪರೀಕ್ಷೆಗಳಿವೆ. ಎದೆ ಸುಧಾರಿಸಿದ ಮೇಲೆ ಅವುಗಳನ್ನು ಮಾಡಬೇಕು.

*

ಅಜ್ಜಿ ಬೆಂಚಿನ ಮೇಲೆ ಕೂತು ರಕ್ತದ ವರದಿಗೆ ಕಾಯುತ್ತಿರುವಾಗ ಅವರ ಒಂದು ಉಸಿರಿನ ಹಿಂದೆ ಹೋಗೋಣ.

ಗಾಳಿ ಮೂಗಿನಿಂದ ಇಳಿದು ಕವಲೊಡೆಯುತ್ತದೆ. ಒಲೆಯ ಮಸಿ ದಶಕಗಳಿಂದ ತಾಗಿ ಇಲ್ಲಿನ ಗೋಡೆ ಊದಿಕೊಂಡಿದೆ, ಕಫ ಅಂಟಿದೆ. ತುದಿಯಲ್ಲಿ ಜೇನುಗೂಡಿನ ಕಣ್ಣುಗಳಂತೆ ಇರಬೇಕಿದ್ದ ಕೋಟಿಗಟ್ಟಲೆ ಗಾಳಿಚೀಲಗಳಲ್ಲಿ ಎಷ್ಟೋ ಗೋಡೆ ಹರಿದು ಒಂದಾಗಿವೆ. ಗಾಳಿ ರಕ್ತಕ್ಕೆ ತಾಗಬೇಕಾದ ಜಾಗವೇ ಕಡಿಮೆಯಾಗಿದೆ. ಆಕ್ಸಿಜನ್ ಹೊತ್ತೊಯ್ಯಲು ಬಂದ ಕೆಂಪು ಕಣಗಳಲ್ಲೂ ಒಂದು ಪಾಲನ್ನು ಹೊಗೆಯ ಕಾರ್ಬನ್ ಮೊನಾಕ್ಸೈಡ್ ಬೆಳಗ್ಗೆಯೇ ಹಿಡಿದು ಕೂತಿತ್ತು. ಅದು ಹಿಮೊಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಹೊರಬರಲಾರದೆ ಉಳಿದ ಕಾರ್ಬನ್ ಡೈಆಕ್ಸೈಡ್ ರಾತ್ರಿ ರಕ್ತದಲ್ಲಿ ಏರುತ್ತದೆ. ಅಜ್ಜಿ ಬೆಳಗ್ಗೆ ಏಳುತ್ತಲೇ ತಲೆನೋವು ಎನ್ನುವುದು, ಬಸ್ಸಿನಲ್ಲಿ ತೂಕಡಿಸುವುದು ಅದರ ಗುರುತೂ ಇರಬಹುದು.

ಈ ರಕ್ತ ತಲೆಗೆ ಏರುತ್ತದೆ. ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ, ಬಳಸುವ ಆಕ್ಸಿಜನ್ ಸುಮಾರು ಶೇ. 20. ಹಾಗಾಗಿ ಅರೆಹೊಟ್ಟೆಯನ್ನು ಅದು ಬಹಳ ದಿನ ತಾಳದು. ಎದೆಯ ಉರಿಯೂತ ಎದೆಯಲ್ಲೇ ನಿಲ್ಲುವುದೂ ಇಲ್ಲ. ಅದರ ರಾಸಾಯನಿಕಗಳು ರಕ್ತದ ಜೊತೆ ಮೈಯೆಲ್ಲ ಸುತ್ತಿ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಮಿದುಳಿನ ಒಳಭಾಗದ ಬಿಳಿ ನಾರುಗಳನ್ನು ಸಾಕುವ ಕೂದಲೆಳೆಯ ನಾಳಗಳಿಗೆ ಇದರ ಪೆಟ್ಟು ಬೇಗ ತಾಗುತ್ತದೆ. ಒಂದು ಭಾಗ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ತಡವಾದಾಗ, ಮುಂದೇನು ಮಾಡಬೇಕು ಎನ್ನುವುದು ಕೈತಪ್ಪುತ್ತದೆ. ಇದರ ಜೊತೆಗೆ, ದಮ್ಮಿನ ಭಯಕ್ಕೆ ನಡೆಯುವುದು ನಿಂತಿದೆ, ಜಾತ್ರೆ ಮದುವೆ ಬಿಟ್ಟುಹೋಗಿದೆ, ಮನಸ್ಸು ಕುಗ್ಗಿದೆ. ಇವೂ ಒಂದೊಂದಾಗಿ ಮಿದುಳನ್ನು ಬಡವಾಗಿಸುತ್ತವೆ.

*

ಇದೆಲ್ಲ ಒಬ್ಬ ಅಜ್ಜಿಯ ಕಥೆಯಷ್ಟೇ ಆಗಿದ್ದರೆ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿರಲಿಲ್ಲ. ಕಿರಿಯ ವೈದ್ಯನೊಬ್ಬ ಬಾಗಿಲ ಬಳಿ ನಿಂತು, ಇಷ್ಟು ಜನ ಕಾಯುತ್ತಿರುವಾಗ ಇದೆಲ್ಲ ಕೇಳಬೇಕೇ ಮೇಡಂ ಎಂದಾಗ ಅವರು ಹೇಳುವುದನ್ನು ಕೇಳಿಸಿಕೊಳ್ಳಿ.

ಅಮೆರಿಕದ ನಾಲ್ಕು ಪ್ರದೇಶಗಳಲ್ಲಿ 1987ರಿಂದ ನಡೆದ ಎಆರ್‌ಐಸಿ ಅಧ್ಯಯನದಲ್ಲಿ, ಸರಾಸರಿ 54 ವಯಸ್ಸಿನ 14,184 ಜನರನ್ನು ಇದೇ ಸ್ಪೈರೋಮೀಟರಿನಲ್ಲಿ ಊದಿಸಿದರು. ಆಮೇಲೆ ಸರಾಸರಿ 23 ವರ್ಷ ಅವರ ಮೇಲೆ ಕಣ್ಣಿಟ್ಟರು. 1,407 ಮಂದಿಗೆ ಡಿಮೆನ್ಷಿಯಾ ಬಂತು. ಮಧ್ಯವಯಸ್ಸಿನಲ್ಲೇ ಶ್ವಾಸಕೋಶ ಕೆಟ್ಟವರಲ್ಲಿ ಡಿಮೆನ್ಷಿಯಾ ಅಥವಾ ಅದಕ್ಕೆ ಮುಂಚಿನ ಲಘು ಅರಿವಿನ ಕುಂದು ಬರುವ ಸಂಭವ ಹೆಚ್ಚಿತ್ತು. ಸಿಒಪಿಡಿಯಂತೆ ಗಾಳಿದಾರಿ ಕಟ್ಟುವ ರೋಗವಿದ್ದವರಲ್ಲಿ ಶೇ. 33, ಶ್ವಾಸಕೋಶವೇ ಹಿಗ್ಗದಂತೆ ಮಾಡುವ ರೋಗವಿದ್ದವರಲ್ಲಿ ಶೇ. 58ರಷ್ಟು ಹೆಚ್ಚು. ಮೇಯೋ ಕ್ಲಿನಿಕ್ಕಿನವರು 70ರಿಂದ 89 ವಯಸ್ಸಿನ, ಆಗ ಬುದ್ಧಿ ಚುರುಕಾಗಿದ್ದ 1,425 ಜನರನ್ನು ಹಿಂಬಾಲಿಸಿ ನೋಡಿದಾಗ, ಗಮನ ಮತ್ತು ಕ್ರಮ ತಪ್ಪುವಂಥ ಅರಿವಿನ ಕುಂದು ಸಿಒಪಿಡಿ ಇದ್ದವರಲ್ಲಿ ಶೇ. 83ರಷ್ಟು ಹೆಚ್ಚಾಗಿತ್ತು. ರೋಗ ಐದು ವರ್ಷಕ್ಕಿಂತ ಹಳೆಯದಾಗಿದ್ದವರಲ್ಲಿ ಇನ್ನೂ ಹೆಚ್ಚು. 1982ರಷ್ಟು ಹಿಂದೆಯೇ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಿದ್ದ 203 ಸಿಒಪಿಡಿ ರೋಗಿಗಳನ್ನು ಪರೀಕ್ಷಿಸಿದಾಗ ಶೇ. 42 ಮಂದಿಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಮಿದುಳಿನ ಕುಂದು ಕಂಡಿತ್ತು. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಶೇ. 14.

"ಒಂದರಿಂದಲೇ ಇನ್ನೊಂದು ಬಂತು ಅಂತ ಈ ಅಂಕಿಗಳು ಸಾಬೀತು ಮಾಡಲ್ಲ" ಎಂದೂ ಅವರು ಹೇಳುತ್ತಾರೆ. ಹೊಗೆ, ಬಡತನ, ಓದಿಲ್ಲದ ಬಾಲ್ಯ, ಬಿಪಿ, ಸಕ್ಕರೆ: ಎದೆಯನ್ನು ಕೆಡಿಸುವ ಎಷ್ಟೋ ಸಂಗತಿಗಳು ಮಿದುಳನ್ನೂ ಕೆಡಿಸುತ್ತವೆ. ಸಂಶೋಧಕರು ಇವುಗಳ ಪ್ರಭಾವವನ್ನು ಆದಷ್ಟು ಕಳೆದೇ ಲೆಕ್ಕ ಹಾಕುತ್ತಾರೆ, ಆದರೂ ಕೊಂಚ ಉಳಿಯಬಹುದು. ದಮ್ಮಿರುವ ಎಲ್ಲರಿಗೂ ಡಿಮೆನ್ಷಿಯಾ ಬರುವುದಿಲ್ಲ; ಹೆಚ್ಚಿನವರಿಗೆ ಬರುವುದಿಲ್ಲ. ಡಿಮೆನ್ಷಿಯಾ ತಡೆಯುವ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಗಳಲ್ಲಿ ಸಿಒಪಿಡಿ ಇಲ್ಲ. ಆದರೆ ಧೂಮಪಾನವಿದೆ, ವಾಯುಮಾಲಿನ್ಯವಿದೆ, ಕಡಿಮೆ ಓದು, ಕಿವಿ ಕೇಳದಿರುವುದು, ಮೈ ದಣಿಸದಿರುವುದು, ಖಿನ್ನತೆ, ಒಂಟಿತನ ಇವೆ. ಈ ಹದಿನಾಲ್ಕನ್ನೂ ಸರಿಪಡಿಸಲು ಆಗುವುದಾದರೆ ಜಗತ್ತಿನ ಸುಮಾರು ಶೇ. 45 ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುವುದು ಆಯೋಗದ ಅಂದಾಜು. ಬೆಂಚಿನ ಮೇಲೆ ಕೂತ ಅಜ್ಜಿಯಲ್ಲಿ ಆ ಪಟ್ಟಿಯ ಎಷ್ಟು ಸಾಲುಗಳು ಸಿಗುತ್ತವೆ ಎಂದು ನೀವೇ ಎಣಿಸಬಹುದು.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ದೇಶದ ಹಿರಿಯರ ಮೇಲೆ ನಡೆದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜಿಸಿತು. ಹಳ್ಳಿಗಳಲ್ಲಿ, ಹೆಂಗಸರಲ್ಲಿ, ಓದಿಲ್ಲದವರಲ್ಲಿ ಅದು ಹೆಚ್ಚು. ನಮ್ಮ ಹಳ್ಳಿಯ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿದುಳಿನ ಚಿಕಿತ್ಸಾಲಯಗಳೂ ಬಂದಿವೆ. ಕೇಳುವವರು ಬೇಕು, ಕಳಿಸುವವರು ಬೇಕು.

*

ಅಜ್ಜಿಯನ್ನು ಮತ್ತೆ ಒಳಗೆ ಕರೆಯುತ್ತಾರೆ. ಡಾಕ್ಟರು ಬರೆಯುತ್ತಿರುವ ಚೀಟಿಯನ್ನು ಭುಜದ ಮೇಲಿಂದ ಓದಿ.

ಪುಡಿ ಎಳೆಯುವ ಕೊಳವೆ ಬೇಡ. ಬದಲಿಗೆ ಪಂಪು, ಅದರ ತುದಿಗೆ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಪೇಸರ್. ಡಬ್ಬಿಯೊಳಗೆ ಮದ್ದು ತುಂಬಿರುತ್ತದೆ, ಅಜ್ಜಿ ಸುಮ್ಮನೆ ಉಸಿರಾಡಿದರೆ ಸಾಕು. ಕೈ ಮತ್ತು ಉಸಿರನ್ನು ಹೊಂದಿಸುವ ಕಷ್ಟವಿಲ್ಲ. ಒತ್ತುವುದು ಸೊಸೆ ಅಥವಾ ಮೊಮ್ಮಗ, ಎದುರಿಗೆ ಕೂತು. ಆಮೇಲೆ ಬಾಯಿ ಮುಕ್ಕಳಿಸಬೇಕು. ಅಂಗಡಿಯಿಂದ ತಂದ ಕೆಮ್ಮಿನ ಸಿರಪ್, ರಾತ್ರಿ ನಿದ್ದೆಗೆಂದು ಯಾರೋ ಕೊಟ್ಟ ಮಾತ್ರೆ ಎರಡೂ ಬಂದ್. ಮಂಪರು ತರಿಸುವ ಔಷಧಗಳು ವಯಸ್ಸಾದವರ ತಲೆಯನ್ನು ಕಲಕುತ್ತವೆ, ಉಸಿರನ್ನೂ ತಗ್ಗಿಸುತ್ತವೆ. ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ. ಕಿವಿಯ ಪರೀಕ್ಷೆ. ರಕ್ತದಲ್ಲಿ ಬಿ12, ಥೈರಾಯ್ಡ್, ಸಕ್ಕರೆ: ಇವು ಸರಿಯಿಲ್ಲದಿದ್ದರೂ ಮರೆವು ಬರುತ್ತದೆ, ಸರಿಪಡಿಸಿದರೆ ಹಿಂದಿರುಗುವುದೂ ಉಂಟು. ಫಿಸಿಯೋಥೆರಪಿಯವರಿಂದ ಉಸಿರಾಟದ ಮತ್ತು ನಡಿಗೆಯ ಅಭ್ಯಾಸ. ದಮ್ಮು ಬರುತ್ತದೆಂದು ಕೂರುವುದಲ್ಲ, ದಮ್ಮಿನ ಅಳತೆಯಲ್ಲೇ ನಡೆಯುವುದು.

"ಆಕ್ಸಿಜನ್ ಮಿಷನ್ ಬೇಕಾ ಮೇಡಂ?" ಸೊಸೆ ಕೇಳುತ್ತಾಳೆ.

"ಮದ್ದು ಸರಿಯಾಗಿ ಒಳಗೆ ಹೋಗ್ಲಿ. ಆಮೇಲೂ ಕೂತಿರುವಾಗಲೇ 88ಕ್ಕೆ ಅಥವಾ ಅದಕ್ಕಿಂತ ಕೆಳಗೆ ನಿಂತರೆ ಬೇಕಾಗುತ್ತೆ. ದಿನಕ್ಕೆ 15 ಗಂಟೆಗಿಂತ ಕಡಿಮೆಯಾಗಬಾರದು. ಆದ್ರೆ ನೀವಾಗೇ ತಂದು ಜೋರಾಗಿ ಬಿಡಬೇಡಿ. ಇಂಥವರಿಗೆ ಹೆಚ್ಚು ಆಕ್ಸಿಜನ್ ಕೊಟ್ರೂ ತೊಂದ್ರೆ. 88ರಿಂದ 92ರ ನಡುವೆ ಇದ್ರೆ ಸಾಕು."

ಆಮೇಲೆ ಆ ರಾತ್ರಿಯ ಮಾತು. ಡಾಕ್ಟರು ಸೊಸೆಯ ಮುಖ ನೋಡಿ ನಿಧಾನವಾಗಿ ಹೇಳುತ್ತಾರೆ. ಗಾಳಿ ಸೋಕಿದ್ದಲ್ಲ. ಎದೆಯ ಸೋಂಕು ಜೋರಾಗಿ, ಆಕ್ಸಿಜನ್ ಇಳಿದು ಮಿದುಳು ದಿಕ್ಕು ತಪ್ಪಿತ್ತು. ಅದಕ್ಕೆ ಡೆಲಿರಿಯಂ ಎನ್ನುತ್ತಾರೆ. ಮರೆವು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಡೆಲಿರಿಯಂ ಒಂದೆರಡು ದಿನದಲ್ಲಿ, ಕೆಲವು ಸಲ ಗಂಟೆಗಳಲ್ಲಿ ಬರುತ್ತದೆ. ದಮ್ಮಿರುವವರು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ, ಎಬ್ಬಿಸಿದರೂ ಏಳದಷ್ಟು ತೂಕಡಿಸಿದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಬೇಕು. ತಾಯತಕ್ಕೆ ಹೋದ ಪ್ರತಿ ಗಂಟೆಯೂ ಮಿದುಳಿಗೆ ನಷ್ಟ. ಅಂಥ ಒಂದು ಹೊಡೆತದ ಮೇಲೆ ಕೆಲವರು ಪೂರ್ತಿ ಮೊದಲಿನಂತಾಗುವುದಿಲ್ಲ.

"ಆರು ವಾರ ಬಿಟ್ಟು ಬನ್ನಿ ಅವ್ವ. ಉಸಿರೂ ನೋಡೋಣ, ನೆನಪೂ ನೋಡೋಣ."

ಅಜ್ಜಿ ಏಳುತ್ತಾರೆ. ಚೀಟಿ ಮಡಚಿ ಸೊಸೆಯೂ ಏಳುವಾಗ ಒಂದು ಸಣ್ಣ ಕೆಮ್ಮು. ಡಾಕ್ಟರು ತಲೆ ಎತ್ತುತ್ತಾರೆ.

"ನೀವು ಎಷ್ಟು ವರ್ಷದಿಂದ ಒಲೆ ಮುಂದೆ?"

"ನಂದಾ? ನಂಗೇನಿಲ್ಲ ಮೇಡಂ. ಇಪ್ಪತ್ತೊಂದು ವರ್ಷ ಆಯ್ತು ಮದುವೆಯಾಗಿ."

"ದಿನಕ್ಕೆ?"

"ಮೂರು ಗಂಟೆ ಆಗ್ತದೆ."

ಗುಣಾಕಾರ ನೀವೇ ಮಾಡಿ: 63. ಮೈಸೂರಿನ ಹಳ್ಳಿಗಳಲ್ಲಿ ಸಿಕ್ಕ ಗೆರೆಗಿಂತ ಮೂರು ಹೆಚ್ಚು. ಡಾಕ್ಟರು ಅವಳನ್ನೂ ಊದಲು ಕಳಿಸುತ್ತಾರೆ. ಅವಳು ನಾಚಿಕೊಂಡು ಮೂಗಿಗೆ ಕ್ಲಿಪ್ ಹಾಕಿಸಿಕೊಳ್ಳುತ್ತಾಳೆ, ಎದೆ ತುಂಬ ಎಳೆದು ಆರು ಸೆಕೆಂಡು ದಾಟಿ ಊದುತ್ತಾಳೆ. 0.74. ಗಡಿಯ ಈಚೆಗಿದ್ದಾಳೆ.

ಅಮೆರಿಕದ ಆ ಅಧ್ಯಯನದಲ್ಲಿ ಊದಿದವರ ಸರಾಸರಿ ವಯಸ್ಸು 54. ಅವರ ಎಪ್ಪತ್ತರ ಮರೆವಿನ ಅಪಾಯ ಆಗಲೇ ಅಳತೆಗೆ ಸಿಕ್ಕಿತ್ತು. ಈ ಹೆಂಗಸಿಗೆ ಆ ವಯಸ್ಸಿಗೂ ಇನ್ನು ಹದಿಮೂರು ವರ್ಷ ಇದೆ. ಅಜ್ಜಿಗೆ ನಾವು ಮಾಡಬಹುದಾದದ್ದು ಇದ್ದದ್ದನ್ನು ಉಳಿಸುವುದು. ಅದೂ ಸಣ್ಣದಲ್ಲ, ಅವರ ಮುಂದಿನ ಹತ್ತು ವರ್ಷ ಅದರ ಮೇಲೆ ನಿಂತಿದೆ. ಸೊಸೆಗೆ ಮಾಡಬಹುದಾದದ್ದು ತಡೆಯುವುದು. ಸಿಲಿಂಡರಿನ ಮರುತುಂಬುವಿಕೆಗೆ ಮನೆಯ ಗಂಡಸು ದುಡ್ಡು ಎತ್ತಿಡಬೇಕು. ಅದು ಹೆಂಗಸಿನ ಸುಖದ ಬಾಬತ್ತಲ್ಲ, ಅವಳ ಮಿದುಳಿನ ಬಾಬತ್ತು. ಸೌದೆ ಬಿಡಲಾಗದ ಮನೆಯಲ್ಲಿ ಹೊಗೆ ಕೊಳವೆಯಿರುವ ಒಲೆ, ಗಾಳಿ ಆಡುವ ಕಿಟಕಿಯಾದರೂ ಬೇಕು. ಹಂಡೆಯ ಒಲೆ ಮನೆಯಿಂದ ಹೊರಗಿರಬೇಕು. ಜಗಲಿಯ ಬೀಡಿ ಆರಬೇಕು.

ಆಸ್ಪತ್ರೆಗಳಿಗೂ ಒಂದು ಕೋರಿಕೆ. ದಮ್ಮಿಗೆ ಬಂದ ಹಿರಿಯರನ್ನು ಮರೆವಿನ ಬಗ್ಗೆ ಕೇಳಿ, ಪಂಪು ಹೇಗೆ ತೆಗೆದುಕೊಳ್ಳುತ್ತಾರೆಂದು ಪ್ರತಿ ಸಲವೂ ಕಣ್ಣಾರೆ ನೋಡಿ. ಮರೆವಿಗೆ ಬಂದವರ ಬೆರಳಿಗೆ ಆಕ್ಸಿಮೀಟರ್ ಹಾಕಿ, ಒಲೆ ಬೀಡಿಗಳ ಲೆಕ್ಕ ಕೇಳಿ, ಊದಿಸಿ ನೋಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ, ಐದು ನಿಮಿಷ ಬೇಕು. ಮನೆಯಲ್ಲಿ ದಮ್ಮಿರುವ ಹಿರಿಯರು ಇದ್ದರೆ ನೀವು ವೈದ್ಯರ ಮುಂದೆ ಅವರ ಕೆಮ್ಮಿನ ಜೊತೆಗೆ ಅವರ ಮರೆವನ್ನೂ ಹೇಳಿ, ಕೇಳದಿದ್ದರೂ ಹೇಳಿ. ವಯಸ್ಸಾಯ್ತು ಎಂದು ಕೈಬಿಟ್ಟ ಮರೆವಿನಲ್ಲಿ ಒಂದು ಪಾಲು ಮದ್ದು ಸಿಗುವಂಥದ್ದು, ಇನ್ನೊಂದು ಪಾಲು ಮುಂದಿನ ತಲೆಮಾರಿಗೆ ಬರದಂತೆ ತಡೆಯಬಹುದಾದದ್ದು.